ಲಕ್ಷ್ಮೀಪುರಂ: ಹಿತ್ತಲಲ್ಲೇ ಇರುವ ಕಲಾವಿದರು

ಮೈಸೂರು ನೋಡಲು ಬರುವವರ ಪಟ್ಟಿ ಎಲ್ಲರಿಗೂ ಬಾಯಿಪಾಠ. ಬೆಳಿಗ್ಗೆ ಚಾಮುಂಡಿಬೆಟ್ಟ, ಆಮೇಲೆ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆಗೆ ಕೃಷ್ಣರಾಜಸಾಗರದ ಬೃಂದಾವನ. ನಡುವೆ ಒಂದಿಷ್ಟು ಮೈಸೂರುಪಾಕು, ಬಿಡುವಿದ್ದರೆ ರೇಷ್ಮೆ ಸೀರೆ. ಈ ಪಟ್ಟಿಯಲ್ಲಿ ಲಕ್ಷ್ಮೀಪುರಂ ಎಂದೂ ಇರುವುದಿಲ್ಲ. ಯಾಕಿರಬೇಕು ಎಂದು ಕೇಳಿದರೆ ಮೇಲ್ನೋಟಕ್ಕೆ ಉತ್ತರವೂ ಸಿಗದು. ಅಲ್ಲಿ ಟಿಕೆಟ್ ಕೊಟ್ಟು ನೋಡುವಂಥದ್ದು ಏನೂ ಇಲ್ಲ. ಒಂದು ಕಡೆ ಕೃಷ್ಣರಾಜ ಬುಲೆವಾರ್ಡಿನ ಮರದ ನೆರಳು, ಕರಿಕೋಟಿನ ವಕೀಲರು ಓಡಾಡುವ ನ್ಯಾಯಾಲಯ. ಹತ್ತಿರದಲ್ಲೇ ಮಹಾರಾಜ ಮತ್ತು ಯುವರಾಜ ಕಾಲೇಜುಗಳು. ಸ್ವಲ್ಪ ಆಚೆಗೆ ಚಾಮರಾಜಪುರಂನ ಪುಟ್ಟ ರೈಲು ನಿಲ್ದಾಣ. ಒಳಗೆ ಹೊಕ್ಕರೆ ಅಡ್ಡರಸ್ತೆಗಳು, ಹಳೆಯ ಹೆಂಚಿನ ಮನೆಗಳ ಪಕ್ಕದಲ್ಲೇ ಎದ್ದು ನಿಂತ ಹೊಸ ಕಟ್ಟಡಗಳು, ಕಾಂಪೌಂಡಿನ ಮೇಲೆ ಬಾಗಿದ ಸಂಪಿಗೆ, ಬೆಳಗಿನ ರಂಗೋಲಿ.

ಆದರೂ ಚಿತ್ರ ಬಿಡಿಸುವ ಮಗನೋ, ಮೊಬೈಲಿನಲ್ಲಿ ಸದಾ ಫೋಟೊ ತೆಗೆಯುತ್ತಿರುವ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಮೈಸೂರಿನ ಪ್ರವಾಸವನ್ನು ಲಕ್ಷ್ಮೀಪುರಂನಿಂದ ಆರಂಭಿಸುವುದು ಒಳ್ಳೆಯದು. "ನಮ್ಮ ಕಾಲದ ಕಲಾವಿದರು ಯಾರು?" ಎಂದು ಮಕ್ಕಳನ್ನು ಕೇಳಿ ನೋಡಿ. ರವಿವರ್ಮನ ಹೆಸರು ಬರುತ್ತದೆ, ಪಿಕಾಸೊ ಬರುತ್ತಾನೆ, ಅಲ್ಲಿಗೆ ಮುಗಿಯಿತು. ಒಬ್ಬರು ತೀರಿಹೋಗಿ ನೂರು ವರ್ಷ ದಾಟಿದೆ, ಇನ್ನೊಬ್ಬರು ಏಳು ಸಮುದ್ರದಾಚೆಯವರು. ಕಲಾವಿದ ಎಂದರೆ ಸತ್ತವನು ಇಲ್ಲವೇ ದೂರದವನು ಎಂದು ಮಗು ನಂಬಿಬಿಟ್ಟರೆ, ತಾನೂ ಹಾಗಾಗಬಹುದು ಎಂಬ ಆಸೆ ಅದಕ್ಕೆ ಬರುವುದಾದರೂ ಹೇಗೆ?

ಹಿತ್ತಲ ಗಿಡ ಮದ್ದಲ್ಲ

ಈ ಗಾದೆ ಲಕ್ಷ್ಮೀಪುರಂಗೆ ಚೆನ್ನಾಗಿ ಒಪ್ಪುತ್ತದೆ. ಕೆ. ಪಟ್ಟಾಭಿ ಜೋಯಿಸರು ಅಷ್ಟಾಂಗ ಯೋಗ ಕಲಿಸುತ್ತಿದ್ದದ್ದು ಇಲ್ಲಿಯ ತಮ್ಮ ಮನೆಯಲ್ಲೇ. 1960ರ ದಶಕದಿಂದ ಒಬ್ಬೊಬ್ಬರಾಗಿ ಬರತೊಡಗಿದ ವಿದೇಶಿಯರು ಮುಂದೆ ಸಾಲುಗಟ್ಟಿದರು. 2002ರಲ್ಲಿ ಶಾಲೆ ಗೋಕುಲಂಗೆ ಹೋಗುವವರೆಗೂ ನಸುಕಿನಲ್ಲೇ ಚಾಪೆ ಹಿಡಿದು ಬರುವ ಪರದೇಶಿಗಳು ಈ ಬೀದಿಗಳ ನಿತ್ಯದ ನೋಟವಾಗಿದ್ದರು. ಅಮೆರಿಕೆಯಿಂದ ಬಂದವರಿಗೆ ಮನೆಯ ವಿಳಾಸ ಗೊತ್ತಿತ್ತು. ಅದೇ ಊರಿನ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಚಿತ್ರಕಲೆ ಮತ್ತು ಛಾಯಾಗ್ರಹಣದ ವಿಷಯದಲ್ಲೂ ಮೈಸೂರಿನ ಕಥೆ ಇದೇ. ಹೊರಗಿನವರು ಹುಡುಕಿಕೊಂಡು ಬಂದು ಬಹುಮಾನ ಕೊಡುತ್ತಾರೆ. ನಮ್ಮ ಮಕ್ಕಳಿಗೆ ಹೆಸರೇ ತಿಳಿದಿರುವುದಿಲ್ಲ. ಹೆಸರು ತಿಳಿಯುವುದೇನು ಅಂಥ ದೊಡ್ಡ ವಿಷಯ ಎನ್ನಬೇಡಿ. ಹತ್ತನೆಯ ತರಗತಿ ಅಥವಾ ಪಿಯುಸಿ ಮುಗಿದ ಬೇಸಿಗೆಯಲ್ಲಿ ಮನೆಮನೆಯಲ್ಲೂ ಒಂದು ತೀರ್ಮಾನ ಆಗುತ್ತದಲ್ಲ, ಆಗ ಎಂಜಿನಿಯರಿಗೆ ಮಾದರಿಗಳು ನೂರು ಕಾಣುತ್ತವೆ, ವೈದ್ಯರಿಗೆ ನೂರು ಕಾಣುತ್ತವೆ. ಚಿತ್ರಗಾರನಿಗೆ ಒಂದೂ ಕಾಣುವುದಿಲ್ಲ. ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಕಿಟಕಿಯಾಚೆಯ ಕಾಗೆ

ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿಸಿಕೊಳ್ಳುವ ಮುಂಚೆ ಆರ್.ಕೆ. ನಾರಾಯಣ್ ಅವರ ಕುಟುಂಬ ವಾಸವಿದ್ದದ್ದು ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿ. ಯಾದವಗಿರಿಯ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ, ಅದನ್ನು ನೋಡಲು ಜನ ಹೋಗುತ್ತಾರೆ. ಲಕ್ಷ್ಮೀಪುರಂಗೆ ಅಂಥ ಭಾಗ್ಯವಿಲ್ಲ. ಆದರೆ ನಮ್ಮ ಕಥೆಗೆ ಬೇಕಾದವರು ನಾರಾಯಣ್ ಅವರಲ್ಲ, ಅವರ ಕಿರಿಯ ತಮ್ಮ, 1921ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಆರ್.ಕೆ. ಲಕ್ಷ್ಮಣ್.

ತಂದೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಮಗನಿಗೆ ಮನೆಯ ನೆಲ, ಗೋಡೆ, ಬಾಗಿಲುಗಳೇ ಡ್ರಾಯಿಂಗ್ ಪುಸ್ತಕ. ತಂದೆಯದೇ ಅಣಕು ಚಿತ್ರವನ್ನೂ ಬಿಡಿಸಿದ್ದುಂಟು. ಶಾಲೆಯಲ್ಲಿ ಅರಳಿ ಎಲೆಯೊಂದನ್ನು ಬಿಡಿಸಿದಾಗ ಮೇಷ್ಟರು ಬೆನ್ನು ತಟ್ಟಿ, ನೀನು ಚಿತ್ರಗಾರನಾಗುತ್ತೀಯೆ ಎಂದದ್ದನ್ನು ಲಕ್ಷ್ಮಣ್ ಮುದುಕರಾದ ಮೇಲೂ ನೆನೆಯುತ್ತಿದ್ದರು. ಅಂದಿನಿಂದ ತಾನು ಚಿತ್ರಗಾರನೇ ಎಂದು ಆ ಹುಡುಗ ನಂಬಿಕೊಂಡ. ಮೇಷ್ಟರಾದವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಅವರ ಮೊದಲ ಮಾಡೆಲ್‌ಗಳು ಯಾರು? ಕಿಟಕಿಯಾಚೆ ಕಂಡದ್ದೆಲ್ಲ: ಒಣಗಿದ ಕೊಂಬೆ, ಹಲ್ಲಿ, ಸೌದೆ ಒಡೆಯುವ ಆಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಗೆ. ಯಾರೂ ತಿರುಗಿ ನೋಡದ ಕಾಗೆಯನ್ನು ಅವರು ಬದುಕಿಡೀ ಬಿಡಿಸಿದರು. ಕತ್ತು ಓರೆ ಮಾಡಿ ನೋಡುವ ಅದರ ಜಾಣತನ, ಹೆಂಚಿನ ಮೇಲಿನ ಅದರ ಠೀವಿ, ಎಲ್ಲವೂ ಅವರ ಕುಂಚಕ್ಕೆ ಸಿಕ್ಕಿತು. ಲಕ್ಷ್ಮೀಪುರಂನಲ್ಲಿ ಇವತ್ತಿಗೂ ಕಾಗೆಗಳಿಗೇನೂ ಬರವಿಲ್ಲ.

ಪತ್ರಿಕೆಯಲ್ಲಿ ಬರುತ್ತಿದ್ದ ಬ್ರಿಟಿಷ್ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳೆಂದರೆ ಹುಡುಗನಿಗೆ ಪ್ರಾಣ. ಆದರೆ ಆ ರುಜುವನ್ನು ಬಹಳ ಕಾಲ 'ಕೌ' ಎಂದೇ ಓದಿಕೊಂಡಿದ್ದನಂತೆ! ಹೆಸರು ತಪ್ಪಿದರೂ ಗುರು ಮಾತ್ರ ಸರಿಯಾದವನೇ ಸಿಕ್ಕಿದ್ದ.

ಮುಂದಿನದು ತಂದೆತಾಯಂದಿರು ಓದಬೇಕಾದ ಭಾಗ. ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಲಕ್ಷ್ಮಣ್ ಅರ್ಜಿ ಹಾಕಿದರು. ನಿಮ್ಮ ಚಿತ್ರಗಳಲ್ಲಿ ನಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣಲಿಲ್ಲ ಎಂಬ ಅರ್ಥದ ಪತ್ರ ಬಂತು. ಹುಡುಗ ಪೆನ್ಸಿಲ್ ಬಿಸಾಡಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದ. ಓದುತ್ತಲೇ ಅಣ್ಣನ ಕಥೆಗಳಿಗೆ, ಡಾ. ಎಂ. ಶಿವರಾಂ ಅವರ 'ಕೊರವಂಜಿ' ಹಾಸ್ಯಪತ್ರಿಕೆಗೆ ಚಿತ್ರ ಬಿಡಿಸಿದ. ಆಮೇಲೆ ಬೊಂಬಾಯಿಗೇ ಹೋಗಿ ಟೈಮ್ಸ್ ಆಫ್ ಇಂಡಿಯಾ ಸೇರಿ, ಸುಮಾರು ಅರ್ಧ ಶತಮಾನ ದೇಶವನ್ನೆಲ್ಲ ನಗಿಸಿದ. ಚೌಕಳಿ ಕೋಟು, ಪಂಚೆ, ದಪ್ಪ ಕನ್ನಡಕದ ಆ ಶ್ರೀಸಾಮಾನ್ಯ ಒಂದು ಮಾತನ್ನೂ ಆಡದೆ ಎಲ್ಲವನ್ನೂ ಹೇಳಿದ. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. ತಿರಸ್ಕರಿಸಿದ್ದ ಕಲಾಶಾಲೆಯೇ ಮುಂದೊಮ್ಮೆ ಅತಿಥಿಯಾಗಿ ಕರೆಯಿತು. 2015ರ ಜನವರಿ 26ರಂದು ಲಕ್ಷ್ಮಣ್ ತೀರಿಕೊಂಡರು.

ಪ್ರವೇಶ ಪರೀಕ್ಷೆಯ ಫಲಿತಾಂಶ ಒಂದು ಸೀಟಿನ ವಿಷಯವನ್ನಷ್ಟೇ ಹೇಳುತ್ತದೆ. ಮಗುವಿನ ಕಣ್ಣು, ಕೈಗಳ ವಿಷಯದಲ್ಲಿ ಅದು ಕೊನೆಯ ಮಾತಲ್ಲ.

ಮಕ್ಕಳನ್ನು ಕಂಡ ಕ್ಯಾಮೆರಾ

ಲಕ್ಷ್ಮಣ್ ಓದಿದ ಮಹಾರಾಜ ಕಾಲೇಜಿನಲ್ಲೇ ಓದಿದ ಮತ್ತೊಬ್ಬ ಮೈಸೂರಿಗ ಟಿ.ಎಸ್. ಸತ್ಯನ್. 1923ರಲ್ಲಿ ಹುಟ್ಟಿದವರು, ಲಕ್ಷ್ಮಣ್‌ಗಿಂತ ಎರಡು ವರ್ಷ ಕಿರಿಯರು. ಪತ್ರಿಕಾ ಛಾಯಾಗ್ರಹಣ ಎಂಬುದು ಒಂದು ಉದ್ಯೋಗ ಎಂದು ಹೇಳಿದರೆ ಮೈಸೂರಿನಲ್ಲಿ ಯಾರೂ ನಂಬದಿದ್ದ ಕಾಲ ಅದು. ಫೋಟೊ ಎಂದರೆ ಮದುವೆಯದು, ಇಲ್ಲವೇ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತದ್ದು. ಸತ್ಯನ್ ಕ್ಯಾಮೆರಾವನ್ನು ಬೀದಿಗೆ ತಂದರು. 1948ರಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ಯುನಿಸೆಫ್‌ಗಾಗಿ ಹಳ್ಳಿಹಳ್ಳಿ ಅಲೆದರು.

ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಮಕ್ಕಳ ಚಿತ್ರಗಳಿಂದ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಸತ್ಯನ್ ತೆಗೆದ ಭಾರತದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅದಕ್ಕೆ ಎರಡು ವರ್ಷ ಮುಂಚೆ ಅವರಿಗೆ ಪದ್ಮಶ್ರೀ ಬಂದಿತ್ತು. ಅವರು 2009ರಲ್ಲಿ ತೀರಿಕೊಂಡರು.

ಅವರ ಚಿತ್ರಗಳು ಬಹುಪಾಲು ಕಪ್ಪು ಬಿಳುಪು. ಬಡವರನ್ನು ತೋರಿಸುತ್ತವೆ, ಆದರೆ ಬಡತನವನ್ನು ಮಾರುವುದಿಲ್ಲ. ಕ್ಯಾಮೆರಾ ಕಂಡು ಬೆಚ್ಚಿದ ಮುಖಗಳು ಅವುಗಳಲ್ಲಿ ಅಪರೂಪ. ಎದುರಿಗಿದ್ದವರ ನಂಬಿಕೆ ಗಳಿಸಿ, ಅವರು ತಮ್ಮ ಪಾಡಿಗೆ ತಾವಿರುವ ತನಕ ಕಾದು ತೆಗೆದ ಚಿತ್ರಗಳವು. ಆ ಕಾಲದ ಒಂದು ರೋಲಿನಲ್ಲಿ 12 ಇಲ್ಲವೇ 36 ಚಿತ್ರ ಮಾತ್ರ. ಕ್ಲಿಕ್ ಮಾಡುವ ಮುಂಚೆ ಯೋಚಿಸಲೇಬೇಕಿತ್ತು. ಮೊಬೈಲ್ ಹಿಡಿದ ವಿದ್ಯಾರ್ಥಿಗಳು ಒಂದು ಭಾನುವಾರ ಲಕ್ಷ್ಮೀಪುರಂನಲ್ಲಿ ಇದನ್ನು ಮಾಡಿ ನೋಡಬಹುದು: ಇಡೀ ಬೆಳಗಿಗೆ ಹನ್ನೆರಡೇ ಚಿತ್ರ, ಅಳಿಸುವ ಹಾಗಿಲ್ಲ, ಎದುರಿಗಿರುವವರ ಒಪ್ಪಿಗೆ ಇಲ್ಲದೆ ತೆಗೆಯುವ ಹಾಗಿಲ್ಲ. ಹೂ ಕಟ್ಟುವವರ ಬಳಿ ಐದು ನಿಮಿಷ ಮಾತಾಡಿ ಆಮೇಲೆ ತೆಗೆದ ಚಿತ್ರಕ್ಕೂ, ಸ್ಕೂಟರಿನ ಮೇಲಿಂದ ಕದ್ದು ತೆಗೆದ ಚಿತ್ರಕ್ಕೂ ಇರುವ ವ್ಯತ್ಯಾಸ ಮಧ್ಯಾಹ್ನದ ಊಟದ ಹೊತ್ತಿಗೆ ತಾನೇ ತಿಳಿಯುತ್ತದೆ.

ದೀಪದ ಹುಡುಗಿ ಯಾರ ಮಗಳು?

ಲಕ್ಷ್ಮೀಪುರಂನಿಂದ ಕಾಲ್ನಡಿಗೆಯಲ್ಲೇ ಜಗನ್ಮೋಹನ ಅರಮನೆ ತಲುಪಬಹುದು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. 1915ರಿಂದ ಚಿತ್ರಶಾಲೆ. ಇಲ್ಲಿಯ ಅತ್ಯಂತ ಪ್ರಸಿದ್ಧ ಚಿತ್ರ ದೀಪ ಹಿಡಿದ ಹುಡುಗಿಯದು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋಸಿ ಮುಖದ ಮೇಲೆ ಬೀಳುತ್ತದೆ. "ಆಹಾ, ರವಿವರ್ಮ!" ಎಂದು ಎಷ್ಟೋ ಜನ ಉದ್ಗರಿಸಿ ಮುಂದೆ ಹೋಗುತ್ತಾರೆ.

ಅದು ರವಿವರ್ಮನದಲ್ಲ. ಬರೆದವರು ಎಸ್.ಎಲ್. ಹಲ್ದಂಕರ್. 1940ರ ದಶಕದಲ್ಲಿ, ಅದೂ ಎಣ್ಣೆಬಣ್ಣದಲ್ಲಲ್ಲ, ಜಲವರ್ಣದಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬಾಳಿ, 102ನೆಯ ವಯಸ್ಸಿನಲ್ಲಿ, 2018ರಲ್ಲಿ ತೀರಿಕೊಂಡರು. ಆ ಚಿತ್ರವನ್ನು ರವಿವರ್ಮನದೆಂದು ನಾವು ಹೊಗಳುತ್ತಿದ್ದ ವರ್ಷಗಳಲ್ಲೆಲ್ಲ ಚಿತ್ರದೊಳಗಿನ ಹುಡುಗಿ ಬದುಕಿದ್ದರು! ಚಿತ್ರದ ಕೆಳಗಿನ ಹೆಸರಿನ ಚೀಟಿ ಓದದಿದ್ದರೆ ಹೀಗೇ ಆಗುವುದು.

ರವಿವರ್ಮನ ಚಿತ್ರಗಳೂ ಇಲ್ಲಿವೆ. ಅವುಗಳ ಮುಂದೆ ನಿಂತಾಗ ಮಕ್ಕಳಿಗೆ ಇನ್ನೊಂದು ಹೆಸರು ಹೇಳಿ: ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಲಾವಿದೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ ಸೇರಿ ಒಂದು ವಿಶಿಷ್ಟ ಚಿತ್ರಮಾಲೆ ಮಾಡಿದರು. ರವಿವರ್ಮನ ಲಕ್ಷ್ಮಿಯಾಗಿ, ಬೆಳದಿಂಗಳಲ್ಲಿ ಕುಳಿತ ಹೆಂಗಸಾಗಿ, ಪತ್ರಿಕೆಯ ಸುದ್ದಿಚಿತ್ರದ ಆರೋಪಿಯಾಗಿ ತಾವೇ ವೇಷ ಹಾಕಿ ನಿಂತರು. ಪರದೆ, ಒಡವೆ, ಸೀರೆ ಎಲ್ಲವೂ ಮೂಲದ ಹಾಗೇ. ಆದರೆ ನೋಡುವವರಿಗೆ ಒಳಗೊಳಗೇ ಪ್ರಶ್ನೆಗಳು ಏಳುತ್ತವೆ. ಹೆಣ್ಣು ಹೀಗೆಯೇ ಕಾಣಬೇಕು ಎಂದು ತೀರ್ಮಾನಿಸಿದವರು ಯಾರು? ಕ್ಯಾಲೆಂಡರಿನ ಲಕ್ಷ್ಮಿಯನ್ನು ದಿನವೂ ನೋಡುವ ನಮಗೆ ಆ ಪ್ರಶ್ನೆ ಯಾಕೆ ಹೊಳೆಯಲಿಲ್ಲ? ಹಳೆಯ ಚಿತ್ರವನ್ನು ಇಂದಿನವರು ಮತ್ತೆ ಓದುವುದು ಎಂದರೆ ಇದು.

ಪಂಕ್ತಿಯಲ್ಲಿ ಕೂತ ಪ್ರಪಂಚ

"ಇಂದಿನ ಚಿತ್ರಕಲೆ ನಮಗೆ ಅರ್ಥವಾಗುವುದಿಲ್ಲ" ಎನ್ನುವವರಿಗೆ ಮೈಸೂರಿನಲ್ಲೇ ಒಬ್ಬ ಕಲಾವಿದರಿದ್ದಾರೆ. ಎನ್.ಎಸ್. ಹರ್ಷ ಹುಟ್ಟಿದ್ದು ಮೈಸೂರಿನಲ್ಲಿ, 1969ರಲ್ಲಿ. ಚಿತ್ರಕಲೆ ಕಲಿತದ್ದು ಇಲ್ಲಿಯ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ನಂತರ ಬರೋಡಾದಲ್ಲಿ. ಕಲಿತು ಮುಗಿದ ಮೇಲೆ ದೆಹಲಿ, ಮುಂಬೈ ಎನ್ನದೆ ಮೈಸೂರಿಗೇ ಮರಳಿದರು.

ಅವರ ಚಿತ್ರಗಳಲ್ಲಿ ಒಂದು ಹೆಸರಾಂತ ಕೃತಿ ಮೂರು ಭಾಗಗಳಲ್ಲಿದೆ. ಬರುವವರು, ಉಣ್ಣುವವರು, ಮಲಗುವವರು. ಸಾಲುಸಾಲು ಜನ, ಒಬ್ಬೊಬ್ಬರೂ ಹೆಬ್ಬೆರಳಿಗಿಂತ ಹೆಚ್ಚು ದೊಡ್ಡವರಲ್ಲವೇನೋ ಎನ್ನುವ ಹಾಗೆ. ದೂರದಿಂದ ನೋಡಿದರೆ ಸೀರೆಯ ಬುಟ್ಟಾದಂತೆ ಕಾಣುತ್ತದೆ. ಹತ್ತಿರ ಹೋದರೆ ಒಬ್ಬರಂತೆ ಒಬ್ಬರಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಉಂಡ ಯಾರಿಗಾದರೂ ಈ ಚಿತ್ರದೊಳಗೆ ಹೋಗಲು ಬೇರೆ ದಾರಿ ಬೇಕಿಲ್ಲ. ಎಲೆಯ ಮುಂದೆ ಎಲ್ಲರೂ ಒಂದೇ ಸಾಲು, ಆದರೂ ಒಬ್ಬೊಬ್ಬರ ಹಸಿವೂ ಬೇರೆ.

2007ರ ಇನ್ನೊಂದು ಕೃತಿಯಲ್ಲಿ 190ಕ್ಕೂ ಹೆಚ್ಚು ಹೊಲಿಗೆ ಯಂತ್ರಗಳು ಒಂದರ ಮೇಲೊಂದು, ಒಂದರ ಪಕ್ಕದಲ್ಲೊಂದು ನಿಂತಿವೆ. ಪ್ರತಿಯೊಂದರಲ್ಲೂ ಒಂದೊಂದು ದೇಶದ ಬಾವುಟ. ನಮ್ಮ ಬೀದಿಯ ದರ್ಜಿಯ ಅಂಗಡಿ ಮತ್ತು ವಿಶ್ವಸಂಸ್ಥೆ ಎರಡೂ ಅಲ್ಲಿ ಒಟ್ಟಿಗೆ ಕಾಣುತ್ತವೆ. ಬಾವುಟ ಹಾರುವುದನ್ನು ಎಲ್ಲರೂ ನೋಡುತ್ತಾರೆ. ಅದನ್ನು ಹೊಲಿದವರ ಕಾಲು ತುಳಿದದ್ದನ್ನು ಯಾರು ನೋಡಿದರು? 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಕೊಡುವ ಆರ್ಟೆಸ್ ಮುಂಡಿ ಬಹುಮಾನ, ಅಂದರೆ 40,000 ಪೌಂಡ್, ಹರ್ಷ ಅವರಿಗೆ ಬಂತು. 2017ರಲ್ಲಿ ಟೋಕಿಯೊದ ಮೋರಿ ಕಲಾ ಸಂಗ್ರಹಾಲಯ ಅವರೊಬ್ಬರದೇ ದೊಡ್ಡ ಪ್ರದರ್ಶನ ಏರ್ಪಡಿಸಿತು. ಜಪಾನಿನ ಶಾಲಾಮಕ್ಕಳು ಸಾಲುಗಟ್ಟಿ ನೋಡಬಹುದಾದ ಕಲಾವಿದನನ್ನು ನಮ್ಮ ಮಕ್ಕಳು ಹೆಸರಿನಿಂದಾದರೂ ಬಲ್ಲವರಾಗಿರಬೇಡವೇ?

ಕಾಡು ಮತ್ತು ಕಲ್ಲು

ಮೈಸೂರಿನಿಂದ ಬಂಡೀಪುರ ದೂರವೇನಲ್ಲ. ಆ ಕಾಡನ್ನೇ ಪಾಠಶಾಲೆ ಮಾಡಿಕೊಂಡ ಜೋಡಿ ಕೃಪಾಕರ ಮತ್ತು ಸೇನಾನಿ. 1997ರಲ್ಲಿ ವೀರಪ್ಪನ್ ಅವರಿಬ್ಬರನ್ನು ಅಪಹರಿಸಿದ ಸುದ್ದಿ ಹಿರಿಯರಿಗೆ ನೆನಪಿರುತ್ತದೆ. ಹದಿನಾಲ್ಕು ದಿನಗಳ ಆ ಅನುಭವವನ್ನು ಅವರು ಪುಸ್ತಕವಾಗಿಸಿದ್ದಾರೆ. ಆದರೆ ಅವರ ನಿಜವಾದ ಸಾಧನೆ ಕೆನ್ನಾಯಿಗಳದು. ಹುಲಿ, ಆನೆಗಳ ಹಿಂದೆ ಎಲ್ಲರೂ ಓಡುತ್ತಿದ್ದಾಗ, ಕ್ರೂರಿ ಎಂದು ಹೆಸರು ಕೆಡಿಸಿಕೊಂಡಿದ್ದ ಈ ಕಾಡುನಾಯಿಗಳ ಸಂಸಾರವನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಆ ಚಿತ್ರಕ್ಕೆ 2010ರಲ್ಲಿ ಬ್ರಿಸ್ಟಲ್ ನಗರದ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, 'ಗ್ರೀನ್ ಆಸ್ಕರ್' ಎಂದೇ ಕರೆಯಲಾಗುವ ಪಾಂಡಾ ಪ್ರಶಸ್ತಿ ಬಂತು. ಕಾಗೆಯನ್ನು ಬಿಡಿಸಿದ ಲಕ್ಷ್ಮಣ್, ಕೆನ್ನಾಯಿಯನ್ನು ಹಿಂಬಾಲಿಸಿದ ಇವರು, ಇಬ್ಬರದೂ ಒಂದೇ ಪಾಠ. ಯಾರೂ ನೋಡದ್ದನ್ನು ತಾಳ್ಮೆಯಿಂದ ನೋಡು.

ಅರುಣ್ ಯೋಗಿರಾಜ್ ಅವರ ಹೆಸರನ್ನು 2024ರ ಜನವರಿಯ ನಂತರ ಹೇಳಿಕೊಡಬೇಕಾಗಿಲ್ಲ. ಅಯೋಧ್ಯೆಯ ಬಾಲರಾಮನ ಮೂರ್ತಿ ಅವರ ಉಳಿಯದು. ಅದಕ್ಕೂ ಮುಂಚೆ 2021ರಲ್ಲಿ ಕೇದಾರನಾಥದ ಶಂಕರಾಚಾರ್ಯರು, 2022ರಲ್ಲಿ ದೆಹಲಿಯ ಇಂಡಿಯಾ ಗೇಟ್ ಬಳಿಯ 28 ಅಡಿಯ ನೇತಾಜಿ. ತಲೆಮಾರುಗಳಿಂದ ಶಿಲ್ಪಿಗಳ ಮನೆತನ, ಅಜ್ಜ ಬಸವಣ್ಣ ಶಿಲ್ಪಿ ಮೈಸೂರಿನಲ್ಲಿ ಹೆಸರಾದವರು. ಮೊಮ್ಮಗ ಎಂಬಿಎ ಓದಿ, ಖಾಸಗಿ ಕಂಪೆನಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಆಮೇಲೆ ಉಳಿ ಸುತ್ತಿಗೆಗೆ ಮರಳಿದರು. ಓದು ವ್ಯರ್ಥವಾಯಿತು ಎಂದು ಈಗ ಯಾರೂ ಹೇಳಲಾರರು.

ಹೊಟ್ಟೆ ತುಂಬುತ್ತದೆಯೇ?

ಈ ಪ್ರಶ್ನೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಿತ್ರ ಬಿಡಿಸಿದವರೆಲ್ಲ ಲಕ್ಷ್ಮಣ್ ಆಗುವುದಿಲ್ಲ, ಕಲ್ಲು ಕೆತ್ತಿದವರೆಲ್ಲ ಅಯೋಧ್ಯೆಗೆ ಹೋಗುವುದಿಲ್ಲ. ಹಾಗೆ ನೋಡಿದರೆ ಎಂಜಿನಿಯರಿಂಗ್ ಓದಿದವರೆಲ್ಲ ವಿಶ್ವೇಶ್ವರಯ್ಯ ಆಗಿಲ್ಲ. ಆದರೆ ಕಲೆಗೆ ಇಂದು ಕ್ರಮಬದ್ಧ ಶಿಕ್ಷಣವಿದೆ ಎಂಬುದು ಅನೇಕ ಪಾಲಕರಿಗೆ ಗೊತ್ತಿಲ್ಲ. ಮೈಸೂರಿನಲ್ಲಿ ಇದಕ್ಕೆ ಹಳೆಯ ಬೇರುಗಳಿವೆ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಆ ಪರಂಪರೆಯಿಂದಲೇ 1980ರ ದಶಕದ ಆರಂಭದಲ್ಲಿ ದೃಶ್ಯಕಲಾ ಅಕಾಡೆಮಿ ಮೂಡಿತು. ಈಗ ಸಿದ್ಧಾರ್ಥ ಬಡಾವಣೆಯಲ್ಲಿರುವ ಈ ಸಂಸ್ಥೆಯಲ್ಲಿ ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆಗಳ ಜೊತೆಗೆ ಛಾಯಾಗ್ರಹಣ ಮತ್ತು ಛಾಯಾಪತ್ರಿಕೋದ್ಯಮಕ್ಕೂ ವಿಭಾಗವಿದೆ. ಪುಸ್ತಕದ ಮುಖಪುಟ, ಜಾಹೀರಾತು, ಅನಿಮೇಷನ್, ಸಿನಿಮಾ, ಡ್ರಾಯಿಂಗ್ ಮೇಷ್ಟರ ಕೆಲಸ, ಪತ್ರಿಕೆ, ಇಂಥ ಹತ್ತು ಕಡೆ ಈ ಕಲಿಕೆಗೆ ದಾರಿಯಿದೆ. ದಾರಿ ಸಲೀಸು ಎಂದಲ್ಲ, ದಾರಿಯೇ ಇಲ್ಲ ಎನ್ನುವುದು ಸುಳ್ಳು ಎಂದಷ್ಟೇ. ವಿದ್ಯಾರ್ಥಿಗಳ ಪ್ರದರ್ಶನ ನಡೆಯುವಾಗ ಒಮ್ಮೆ ಮಗುವಿನೊಡನೆ ಹೋಗಿ, ಅಲ್ಲಿ ಕಲಿಯುವವರನ್ನೇ ಕೇಳಿ. ಪಕ್ಕದ ಮನೆಯವರ ಅಭಿಪ್ರಾಯಕ್ಕಿಂತ ಆ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ದಿನದ ಯೋಜನೆ

ಹೋಗುವವರಿಗೆ ಒಂದಿಷ್ಟು ಸೂಚನೆ. ಬೆಳಿಗ್ಗೆ ಏಳರ ಹೊತ್ತಿಗೆ ಲಕ್ಷ್ಮೀಪುರಂನ ಬೀದಿಗಳಲ್ಲಿರಿ. ಓರೆ ಬಿಸಿಲಿನಲ್ಲಿ ರಂಗೋಲಿಯ ಗೆರೆ, ಗೋಡೆಯ ಗಾರೆ, ಕಾಗೆಯ ಕತ್ತು, ಎಲ್ಲವೂ ಸ್ಪಷ್ಟ. ಮಗುವಿನ ಕೈಯಲ್ಲಿ ಗೆರೆಯಿಲ್ಲದ ಪುಸ್ತಕ, ಒಂದು ಪೆನ್ಸಿಲ್ ಇದ್ದರೆ ಸಾಕು. ಜನರ ಮನೆಗಳು ಪ್ರದರ್ಶನಕ್ಕಿಟ್ಟವಲ್ಲ ಎಂಬುದು ನೆನಪಿರಲಿ, ಗೇಟಿನೊಳಗೆ ಕ್ಯಾಮೆರಾ ತೂರಿಸಬೇಡಿ. ಹತ್ತು ಗಂಟೆಯ ನಂತರ ಜಗನ್ಮೋಹನ ಅರಮನೆ. ಚಿತ್ರಶಾಲೆ ಅಂದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಕ್ಷೇಮ. ಅಲ್ಲಿ ನೂರು ಚಿತ್ರ ನೋಡುವ ಹಟ ಬೇಡ. ಒಂದರ ಮುಂದೆ ಹತ್ತು ನಿಮಿಷ ನಿಲ್ಲಿ. ಬೆಳಕು ಎಲ್ಲಿಂದ ಬರುತ್ತಿದೆ, ಕಲಾವಿದ ಎಲ್ಲಿ ನಿಂತು ಇದನ್ನು ಕಂಡ, ಏನನ್ನು ಬಿಟ್ಟ ಎಂಬ ಮೂರು ಪ್ರಶ್ನೆ ಮಗುವಿಗೆ ಕೇಳಿ, ಉತ್ತರವನ್ನು ಅದೇ ಹೇಳಲಿ. ಮಧ್ಯಾಹ್ನ ಬಸ್ಸಿನಲ್ಲೋ ಆಟೋದಲ್ಲೋ ಯಾದವಗಿರಿಯ ನಾರಾಯಣ್ ಮನೆಗೆ ಹೋಗಿಬರಬಹುದು. ಬೆಂಗಳೂರಿನವರಿಗೆ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಜನವರಿಯಲ್ಲಿ ರಸ್ತೆಯ ಮೇಲೆ ನಡೆಸುವ ಚಿತ್ರಸಂತೆಯೂ ಇದೆ, ಅಲ್ಲಿ ಕಲಾವಿದರನ್ನೇ ಮಾತಾಡಿಸಬಹುದು.

ಮನೆಗೆ ಬಂದ ಮೇಲೆ ಪುಸ್ತಕದ ಕೊನೆಯ ಪುಟದಲ್ಲಿ ಅಂದು ತಿಳಿದ ಹೆಸರುಗಳನ್ನು ಮಗುವಿನ ಕೈಯಲ್ಲೇ ಬರೆಸಿ: ಲಕ್ಷ್ಮಣ್, ಸತ್ಯನ್, ಹಲ್ದಂಕರ್, ಪುಷ್ಪಮಾಲಾ, ಕ್ಲೇರ್ ಆರ್ನಿ, ಹರ್ಷ, ಕೃಪಾಕರ, ಸೇನಾನಿ, ಅರುಣ್ ಯೋಗಿರಾಜ್. ಒಂಬತ್ತು ಹೆಸರಾಯಿತು. ಹತ್ತನೆಯ ಸಾಲನ್ನು ಖಾಲಿ ಬಿಡಿ. ಮುಂದಿನ ಭಾನುವಾರ ನಿಮ್ಮದೇ ಊರಿನಲ್ಲಿ, ನಿಮ್ಮದೇ ಬೀದಿಯಲ್ಲಿ ಅದಕ್ಕೊಂದು ಹೆಸರು ಹುಡುಕುವ ಕೆಲಸ ಇರಲಿ.